‘ಮೋರ್ ಚೀಪರ್’ ಅಂದರೆ ಏನು ತಪ್ಪು?

ಓದುಗರ ಪ್ರಶ್ನೆ: ಮೇಡಂ, ನಮ್ಮ ಊರು ತುರುವೇಕೆರೆ ಹತ್ತಿರ. ಓದಿದ್ದು ಪಿಯುಸಿವರೆಗೆ, ಕನ್ನಡ ಮಾಧ್ಯಮ. ಈಗ ಜಯನಗರದ ಒಂದು ಸೀರೆ ಅಂಗಡಿಯಲ್ಲಿ ಕೆಲಸ. ಇಂಗ್ಲಿಷ್ ಮಾತಾಡುವ ಗಿರಾಕಿಗಳೇ ಜಾಸ್ತಿ. ಮೊನ್ನೆ ಒಬ್ಬರಿಗೆ ಎರಡು ಸೀರೆ ತೋರಿಸುತ್ತಾ ‘ದಿಸ್ ಈಸ್ ಮೋರ್ ಚೀಪರ್’ ಅಂದೆ. ಜೊತೆಗಿದ್ದ ಅವರ ಮಗಳು ನಕ್ಕುಬಿಟ್ಟಳು. ಮನೆಗೆ ಬಂದು ಮಗನ ಆರನೇ ಕ್ಲಾಸಿನ ಗ್ರಾಮರ್ ಪುಸ್ತಕ ತೆಗೆದು ನೋಡಿದೆ, ತಲೆಗೆ ಹತ್ತಲಿಲ್ಲ. ಎಲ್ಲಿ ‘ಅರ್’ ಹಾಕಬೇಕು, ಎಲ್ಲಿ ‘ಮೋರ್’? ‘ವೆರಿ ಬೆಟರ್’ ಅನ್ನಬಹುದಾ? ಅಣ್ಣನ ಬಗ್ಗೆ ಹೇಳುವಾಗ ‘ಎಲ್ಡರ್ ಟು ಮಿ’ ಸರಿಯಾ, ‘ಎಲ್ಡರ್ ದ್ಯಾನ್ ಮಿ’ ಸರಿಯಾ? ಇನ್ನೊಬ್ಬರು ಸೀರೆಗೆ ಕುಚ್ಚು ಕಟ್ಟಿಸಲು ಕೊಟ್ಟು ‘ದಿ ಸೂನರ್ ದಿ ಬೆಟರ್’ ಅಂದರು. ಬೇಗ ಬೇಕು ಅಂತ ಅರ್ಥವಾಯಿತು. ಆದರೆ ಅಲ್ಲಿ ಎರಡು ಸಲ ‘ದಿ’ ಯಾಕೆ?

ಉತ್ತರ: ಮೊದಲು ಆ ನಗುವಿನ ವಿಷಯ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾನು ಬಸವನಗುಡಿಯಲ್ಲಿ ಸಂಜೆ ಹೊತ್ತು ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೊಲಿಗೆಯವರು, ನರ್ಸುಗಳು, ಕ್ಯಾಬ್ ಓಡಿಸುವವರು, ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗರು, ಎಲ್ಲರೂ ಬರುತ್ತಾರೆ. ‘ಮೋರ್ ಚೀಪರ್’ ಅನ್ನುವ ಹಂತ ದಾಟದೆ ಮುಂದೆ ಹೋದವರನ್ನು ನಾನಂತೂ ನೋಡಿಲ್ಲ. ಅಷ್ಟೇ ಅಲ್ಲ, ಷೇಕ್ಸ್‌ಪಿಯರ್ ಬರೆದ ‘ದಿ ಟೆಂಪೆಸ್ಟ್’ ನಾಟಕದಲ್ಲೇ ‘ಮೋರ್ ಬೆಟರ್’ ಅನ್ನುವ ಮಾತು ಬರುತ್ತದೆ. ಆ ಕಾಲದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾದರೆ ಎರಡನ್ನೂ ಸೇರಿಸುತ್ತಿದ್ದರು, ಯಾರೂ ನಗುತ್ತಿರಲಿಲ್ಲ. ಆಮೇಲೆ 18ನೇ ಶತಮಾನದಲ್ಲಿ ವ್ಯಾಕರಣ ಬರೆದವರು ಇದನ್ನು ಬೇಡ ಅಂದರು. 1762ರಲ್ಲಿ ಬಂದ ರಾಬರ್ಟ್ ಲೌತ್ ಅವರ ವ್ಯಾಕರಣ ಅಂಥವುಗಳಲ್ಲಿ ಮುಖ್ಯವಾದದ್ದು. ಶಾಲೆಗಳಲ್ಲಿ ಅದೇ ಪಾಠ ನಿಂತಿತು. ಹಾಗಾಗಿ ಇವತ್ತು ‘ಮೋರ್ ಚೀಪರ್’ ತಪ್ಪೇ, ತಿದ್ದಿಕೊಳ್ಳಬೇಕು. ಆದರೆ ಅದು ದಡ್ಡರು ಮಾಡುವ ತಪ್ಪಲ್ಲ. ಕನ್ನಡದಲ್ಲಿ ಯೋಚಿಸುವವರು ಮಾಡುವ ತಪ್ಪು.

ಯಾಕೆ ಅಂತ ಹೇಳುತ್ತೇನೆ. ಇದೊಂದು ಅರ್ಥವಾದರೆ ಅರ್ಧ ಗ್ರಾಮರ್ ತಾನಾಗಿ ಬರುತ್ತದೆ.

ನಿಮ್ಮ ಮುಂದೆ ಎರಡು ಸೀರೆ ಇವೆ ಅಂದುಕೊಳ್ಳಿ. ಒಂದು ಕಾಂಚೀಪುರಂ, ಒಂದು ಮೈಸೂರ್ ಸಿಲ್ಕ್. ಕನ್ನಡದಲ್ಲಿ ಏನು ಹೇಳುತ್ತೀರಿ? ‘ಮೈಸೂರ್ ಸಿಲ್ಕ್ ಹಗುರ.’ ಹೋಲಿಸಬೇಕಾದರೆ? ‘ಕಾಂಚೀಪುರಂಗಿಂತ ಮೈಸೂರ್ ಸಿಲ್ಕ್ ಹಗುರ.’ ಎರಡರಲ್ಲೂ ‘ಹಗುರ’ ಹಾಗೇ ಇದೆ, ಅಲ್ವಾ? ಅದಕ್ಕೆ ಏನೂ ಆಗಲಿಲ್ಲ. ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಒಂದೇ ಹೊತ್ತಿತು. ಅದೂ ಕಾಂಚೀಪುರಂಗೆ ಅಂಟಿಕೊಂಡು.

ಇಂಗ್ಲಿಷಿನಲ್ಲಿ ಆ ಭಾರ ಎರಡು ಕಡೆ ಹಂಚಿಹೋಗಿದೆ. ಗುಣ ಹೇಳುವ ಪದ ತಾನೇ ರೂಪ ಬದಲಿಸಬೇಕು, ಲೈಟ್ ಹೋಗಿ ಲೈಟರ್ ಆಗಬೇಕು. ಆಮೇಲೆ ‘ದ್ಯಾನ್’ ಬರಬೇಕು. ‘ಮೈಸೂರ್ ಸಿಲ್ಕ್ ಈಸ್ ಲೈಟರ್ ದ್ಯಾನ್ ಕಾಂಚೀಪುರಂ ಸಿಲ್ಕ್.’ ನಾವು ಏನು ಮಾಡುತ್ತೇವೆ? ‘ಗಿಂತ’ದ ಜಾಗಕ್ಕೆ ‘ದ್ಯಾನ್’ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ‘ದಿಸ್ ಈಸ್ ಲೈಟ್ ದ್ಯಾನ್ ದ್ಯಾಟ್’ ಅನ್ನುತ್ತೇವೆ. ಕ್ಲಾಸಿನಲ್ಲಿ ಯಾರೋ ತಿದ್ದುತ್ತಾರೆ. ಆಗಿಂದ ಎಲ್ಲಿ ಬಿಟ್ಟುಹೋಗುತ್ತದೋ ಅನ್ನುವ ಭಯಕ್ಕೆ ಇರುವುದನ್ನೆಲ್ಲ ಹಾಕಿಬಿಡುತ್ತೇವೆ. ಅದೇ ‘ಮೋರ್ ಲೈಟರ್’, ಅದೇ ‘ಮೋರ್ ಚೀಪರ್’.

ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ‘ಅದಕ್ಕಿಂತ ಇದು ಜಾಸ್ತಿ ಹಗುರ’ ಅಂತಲೂ ಹೇಳಬಹುದು. ‘ಜಾಸ್ತಿ’ ಹಾಕಿದರೂ ಸರಿ, ಬಿಟ್ಟರೂ ಸರಿ. ಆ ‘ಜಾಸ್ತಿ’ ತಲೆಯಲ್ಲಿ ಉಳಿದು ‘ಮೋರ್’ ಆಗಿ ಹೊರಗೆ ಬರುತ್ತದೆ. ಇಂಗ್ಲಿಷಿನಲ್ಲಿ ಆ ‘ಜಾಸ್ತಿ’ ‘ಲೈಟರ್’ನ ‘ಅರ್’ ಒಳಗೇ ಕೂತಿದೆ. ಮೇಲೆ ‘ಮೋರ್’ ಹಾಕಿದರೆ ‘ಜಾಸ್ತಿ ಜಾಸ್ತಿ ಹಗುರ’ ಅಂದ ಹಾಗೆ.

ಸಾಲಿನ ಜೋಡಣೆಯೂ ತಿರುಗುಮುರುಗು. ನಾವು ಯಾವುದಕ್ಕಿಂತ ಅನ್ನುವುದನ್ನು ಮೊದಲು ಹೇಳುತ್ತೇವೆ. ಇಂಗ್ಲಿಷಿನವರು ಅದನ್ನು ಕೊನೆಗೆ ಹೇಳುತ್ತಾರೆ. ಹಾಗಾಗಿ ಕನ್ನಡದ ವಾಕ್ಯವನ್ನು ಪದ ಪದವಾಗಿ ಇಂಗ್ಲಿಷ್ ಮಾಡಲು ಹೋದರೆ ಮಧ್ಯದಲ್ಲೇ ಸಿಕ್ಕಿಬೀಳುತ್ತೀರಿ. ಯಾವ ಸೀರೆ ಗೆದ್ದಿತು? ಅದರ ಹೆಸರಿನಿಂದ ಶುರು ಮಾಡಿ. ಉಳಿದದ್ದು ಸಲೀಸಾಗುತ್ತದೆ.

ಈಗ ‘ಅರ್’ ಎಲ್ಲಿ, ‘ಮೋರ್’ ಎಲ್ಲಿ. ಪುಸ್ತಕದಲ್ಲಿ ಸಿಲಬಲ್, ಅಂದರೆ ಪದವನ್ನು ಒಡೆದು ಹೇಳಿದಾಗ ಬರುವ ತುಂಡು, ಅದರ ಲೆಕ್ಕ ಹಾಕಿ ಅಂತ ಬರೆದಿರುತ್ತದೆ. ಅದನ್ನು ಚಪ್ಪಾಳೆ ತಟ್ಟಿ ಎಣಿಸಿ. ಸಾಫ್ಟ್, ಒಂದು ಚಪ್ಪಾಳೆ. ಹೆ-ವಿ, ಎರಡು. ಎಕ್ಸ್-ಪೆನ್-ಸಿವ್, ಮೂರು. ಒಂದು ಚಪ್ಪಾಳೆಯ ಪದಕ್ಕೆ ‘ಅರ್’: ಸಾಫ್ಟರ್, ಚೀಪರ್, ಲೈಟರ್, ಡಾರ್ಕರ್, ಥಿಕ್ಕರ್. ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂದೆ ‘ಮೋರ್’: ಮೋರ್ ಎಕ್ಸ್‌ಪೆನ್ಸಿವ್, ಮೋರ್ ಬ್ಯೂಟಿಫುಲ್, ಮೋರ್ ಕಂಫರ್ಟಬಲ್.

ಇಲ್ಲಿ ನಮ್ಮವರಿಗೆ ಒಂದು ತೊಡಕಿದೆ, ಮಕ್ಕಳ ಗ್ರಾಮರ್ ಪುಸ್ತಕದಲ್ಲಿ ಇದನ್ನು ನಾನು ನೋಡಿಲ್ಲ. ನಾವು ಸಾಫ್ಟ್ ಅನ್ನುವುದಿಲ್ಲ, ‘ಸಾಫ್ಟು’ ಅನ್ನುತ್ತೇವೆ. ಚೀಪ್ ಅನ್ನುವುದಿಲ್ಲ, ‘ಚೀಪು’ ಅನ್ನುತ್ತೇವೆ. ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ಒಂದು ಸ್ವರ ಬೇಕು, ಅದು ನಮ್ಮ ಭಾಷೆಯ ಸಹಜ ಗುಣ. ಆದರೆ ಎಣಿಸುವಾಗ ಆ ‘ಉ’ ಒಂದು ಚಪ್ಪಾಳೆ ಜಾಸ್ತಿ ಮಾಡಿಬಿಡುತ್ತದೆ. ಚೀ-ಪು, ಎರಡು! ಲೆಕ್ಕ ತಪ್ಪಿತು. ಎಣಿಸುವ ಮುಂಚೆ ಬಾಲದ ‘ಉ’ ಕತ್ತರಿಸಿ.

ಎರಡು ಚಪ್ಪಾಳೆಯ ಪದಗಳೇ ನಿಜವಾದ ತಲೆನೋವು. ಇಲ್ಲಿ ಕೊನೆಯ ಸದ್ದು ನೋಡಬೇಕು. ‘ಇ’ ಸದ್ದಿನಲ್ಲಿ ಮುಗಿದು ಕೊನೆಗೆ ವೈ ಅಕ್ಷರ ಇದ್ದರೆ ‘ಅರ್’: ಹೆವಿ-ಹೆವಿಯರ್, ಫ್ಯಾನ್ಸಿ-ಫ್ಯಾನ್ಸಿಯರ್, ಶೈನಿ-ಶೈನಿಯರ್. ಬರೆಯುವಾಗ ವೈ ಹೋಗಿ ಐ ಬರುತ್ತದೆ. ನಿಮ್ಮ ಅಂಗಡಿಯ ‘ಕಾಸ್ಟ್ಲಿ’ ಕೂಡ ಈ ಗುಂಪಿನದೇ. ‘ಕಾಸ್ಟ್ಲಿಯರ್’ ಅನ್ನಿ, ಧೈರ್ಯವಾಗಿ ಅನ್ನಿ. ನ್ಯಾರೋ, ಸಿಂಪಲ್ ಇವಕ್ಕೂ ‘ಅರ್’: ನ್ಯಾರೋಯರ್, ಸಿಂಪ್ಲರ್. ಆದರೆ ‘ಫುಲ್’, ‘ಲೆಸ್’, ‘ಅಸ್’, ‘ಇಂಗ್’ ಇಂಥ ಬಾಲ ಇದ್ದರೆ ಯಾವಾಗಲೂ ‘ಮೋರ್’: ಮೋರ್ ಯೂಸ್‌ಫುಲ್, ಮೋರ್ ಫೇಮಸ್, ಮೋರ್ ಬೋರಿಂಗ್. ಮಾಡರ್ನ್ ಅನ್ನುವುದಕ್ಕೂ ‘ಮೋರ್’. ಪೊಲೈಟ್, ಹ್ಯಾಂಡ್‌ಸಮ್ ಥರದ ಕೆಲವಕ್ಕೆ ಎರಡೂ ನಡೆಯುತ್ತದೆ. ಅನುಮಾನ ಬಂದರೆ ಎರಡು ಚಪ್ಪಾಳೆಯ ಪದಕ್ಕೆ ‘ಮೋರ್’ ಹಾಕಿ, ಹೆಚ್ಚಿನ ಸಲ ಬಚಾವಾಗುತ್ತೀರಿ. ಟೈರ್ಡ್ ಅನ್ನುವುದು ಚಿಕ್ಕದಾಗಿ ಕೇಳಿಸಿದರೂ ‘ಮೋರ್ ಟೈರ್ಡ್’ ಅಂತಲೇ ಹೇಳಬೇಕು, ಅದು ಕ್ರಿಯಾಪದದಿಂದ ಹುಟ್ಟಿದ ಪದ.

ಒಂದೇ ಭಾಷೆಗೆ ಎರಡು ದಾರಿ ಯಾಕೆ ಅಂತ ನಿಮ್ಮ ಮಗ ಕೇಳಬಹುದು. ‘ಅರ್’ ಇಂಗ್ಲಿಷಿನ ಹುಟ್ಟು ಆಸ್ತಿ. ಅದರ ಸೋದರ ಭಾಷೆಯಾದ ಜರ್ಮನ್‌ನಲ್ಲೂ ಇದೇ ‘ಅರ್’ ಇದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಉದ್ದುದ್ದ ಪದಗಳು ಬಂದು ಸೇರಿದವು. ಆ ಉದ್ದ ಪದಗಳಿಗೆ ‘ಅರ್’ ಅಂಟಿಸುವುದು ಬಾಯಿಗೆ ಕಷ್ಟ. ಮುಂದೆ ‘ಮೋರ್’ ಇಡುವುದು ಅಲ್ಲಿ ಚೆನ್ನಾಗಿ ಬೇರುಬಿಟ್ಟಿತು. ಅದಕ್ಕೇ ಮನೆಮಾತಿನ ಚಿಕ್ಕ ಪದಗಳಿಗೆ ‘ಅರ್’, ದೊಡ್ಡ ಪದಗಳಿಗೆ ‘ಮೋರ್’ ಅಂತ ಹೆಚ್ಚುಕಡಿಮೆ ಹಂಚಿಹೋಗಿದೆ. ಮಗನಿಗೆ ಇದನ್ನೂ ಹೇಳಿ: ಟಾಲೆಸ್ಟ್, ಬಿಗ್ಗೆಸ್ಟ್ ಅನ್ನುವಾಗ ಬರುವ ‘ಎಸ್ಟ್’ ಮತ್ತು ನಮ್ಮ ಕನಿಷ್ಠ, ಗರಿಷ್ಠ, ಜ್ಯೇಷ್ಠ ಪದಗಳ ಕೊನೆಯ ‘ಇಷ್ಠ’ ಒಂದೇ ಮೂಲದವು. ಸಂಸ್ಕೃತ ಮತ್ತು ಇಂಗ್ಲಿಷ್ ದೂರದ ನೆಂಟರು. ಬಸ್ಸಿನಲ್ಲಿ ‘ಕನಿಷ್ಠ ಪ್ರಯಾಣ ದರ’ ಅಂತ ಓದಿದಾಗಲೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತದೆ.

ಬರೆಯುವ ವಿಷಯ ಒಂದು ಸಣ್ಣ ಮಾತು. ಬಿಗ್ಗರ್ ಬರೆಯುವಾಗ ಜಿ ಎರಡು ಸಲ, ಹಾಟರ್ ಬರೆಯುವಾಗ ಟಿ ಎರಡು ಸಲ. ಆದರೆ ಚೀಪರ್‌ಗೆ ಪಿ ಒಂದೇ, ಕೋಲ್ಡರ್‌ಗೆ ಡಿ ಒಂದೇ. ಕೆಲವರು ಇದನ್ನು ಹ್ರಸ್ವ ದೀರ್ಘದ ಲೆಕ್ಕದಲ್ಲಿ ಹೇಳಿಕೊಡುತ್ತಾರೆ. ನಮಗೆ ಅದು ಕೈಕೊಡುತ್ತದೆ, ಯಾಕೆಂದರೆ ಕನ್ನಡದ ಕಿವಿಗೆ ‘ಹಾಟ್’, ‘ಫ್ಯಾಟ್’ ಎಲ್ಲ ದೀರ್ಘವೇ. ಇಲ್ಲಿ ಕಿವಿ ಬೇಡ, ಕಣ್ಣು ಸಾಕು. ಕೊನೆಯಲ್ಲಿ ಒಂದೇ ಸ್ವರ, ಆಮೇಲೆ ಒಂದೇ ವ್ಯಂಜನ ಇದೆಯಾ? ಇದ್ದರೆ ವ್ಯಂಜನವನ್ನು ಎರಡು ಸಲ ಬರೆಯಿರಿ. ಚೀಪ್‌ನಲ್ಲಿ ಸ್ವರ ಎರಡು, ಕೋಲ್ಡ್‌ನಲ್ಲಿ ವ್ಯಂಜನ ಎರಡು, ಹಾಗಾಗಿ ಬೇಡ. ಸ್ಲೋ, ಲೋ ಪದಗಳ ಕೊನೆಯ ಡಬ್ಲ್ಯು ಮಾತ್ರ ಯಾವತ್ತೂ ಎರಡಾಗುವುದಿಲ್ಲ.

ಗುಡ್-ಬೆಟರ್, ಬ್ಯಾಡ್-ವರ್ಸ್, ಇವು ಯಾವ ನಿಯಮಕ್ಕೂ ಸಿಗುವುದಿಲ್ಲ. ಬಾಯಿಪಾಠ ಮಾಡಿ, ಅಷ್ಟೇ. ಆದರೆ ಮಚ್-ಮೋರ್, ಲಿಟಲ್-ಲೆಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಒಂದು ಸಂಜೆ ಕ್ಲಾಸ್ ಮುಗಿಸಿ ಗಾಂಧಿ ಬಜಾರಿನ ಒಂದು ದರ್ಶಿನಿಗೆ ಹೋಗಿದ್ದೆವು. ಇಬ್ಬರು ವಿದ್ಯಾರ್ಥಿಗಳು ಬೈಟು ಕಾಫಿ ತೆಗೆದುಕೊಂಡರು. ಒಬ್ಬರು ಕ್ಯಾಬ್ ಓಡಿಸುವವರು, ಇನ್ನೊಬ್ಬರು ನರ್ಸ್. ಎರಡು ಚಿಕ್ಕ ಗ್ಲಾಸು, ಒಂದರಲ್ಲಿ ನೊರೆ ಅಂಚಿನವರೆಗೆ, ಇನ್ನೊಂದರಲ್ಲಿ ಒಂದು ಬೆರಳು ಕೆಳಗೆ. ಕ್ಯಾಬಿನವರು ಇಂಗ್ಲಿಷಿನಲ್ಲೇ ತಕರಾರು ತೆಗೆದರು: ‘ಯುವರ್ ಕಾಫಿ ಈಸ್ ಮಚ್ ದ್ಯಾನ್ ಮೈ ಕಾಫಿ.’ ನರ್ಸ್ ತಕ್ಷಣ ತಿದ್ದಿದರು: ‘ಮೋರ್ ಮಚ್!’ ಇಬ್ಬರೂ ನನ್ನ ಮುಖ ನೋಡಿದರು. ನಾನು ತುಂಬಿದ ಗ್ಲಾಸನ್ನು ಮುಂದೆ ಎಳೆದು ಹೇಳಿದೆ: ‘ಯು ಹ್ಯಾವ್ ಮೋರ್ ಕಾಫಿ ದ್ಯಾನ್ ಮಿ.’ ‘ಮೋರ್’ ಅನ್ನುವುದೇ ‘ಮಚ್’ನ ಬದಲಾದ ರೂಪ. ಲೈಟ್‌ಗೆ ಲೈಟರ್ ಹೇಗೋ ಮಚ್‌ಗೆ ಮೋರ್ ಹಾಗೆ. ಮೆನಿಗೂ ಅದೇ ಮೋರ್. ಕ್ಯಾಬಿನವರು ಕಾಫಿ ಆರುವ ತನಕ ಆ ವಾಕ್ಯವನ್ನು ಹಿಂದೆ ಮುಂದೆ ಮಾಡಿ ಹೇಳಿದರು: ‘ಯು ಹ್ಯಾವ್ ಮೋರ್ ಕಾಫಿ. ಐ ಹ್ಯಾವ್ ಲೆಸ್ ಕಾಫಿ.’ ಆಮೇಲೆ ನರ್ಸ್ ತಮ್ಮ ಗ್ಲಾಸಿನಿಂದ ಸ್ವಲ್ಪ ಬಗ್ಗಿಸಿ ಕೊಟ್ಟರು.

ಈ ಮಾತು ನಿಮ್ಮ ಅಂಗಡಿಗೆ ಯಾಕೆ ಮುಖ್ಯ ಅಂದರೆ, ‘ಮೋರ್’ಗೆ ಎರಡು ಕೆಲಸ ಇದೆ. ಗಿರಾಕಿ ‘ಶೋ ಮಿ ಸಮ್ ಮೋರ್ ಲೈಟ್ ಸ್ಯಾರೀಸ್’ ಅಂದರೆ ಹಗುರ ಸೀರೆಗಳು ಹಿಡಿಸಿವೆ, ಅಂಥವೇ ಇನ್ನೂ ನಾಲ್ಕು ತೋರಿಸಿ ಅಂತ. ‘ಶೋ ಮಿ ಸಮ್ ಲೈಟರ್ ಸ್ಯಾರೀಸ್’ ಅಂದರೆ ಇವೆಲ್ಲ ಭಾರ ಆಯ್ತು, ಇದಕ್ಕಿಂತ ಹಗುರದ್ದು ತೋರಿಸಿ ಅಂತ. ಒಂದರಲ್ಲಿ ಅದೇ ಕಟ್ಟಿನಿಂದ ಮತ್ತಷ್ಟು ಬಿಚ್ಚಬೇಕು, ಇನ್ನೊಂದರಲ್ಲಿ ಬೇರೆ ಕಪಾಟಿಗೆ ಹೋಗಬೇಕು. ವ್ಯತ್ಯಾಸ ದೊಡ್ಡದು.

ಗಮನಿಸಿದಿರಾ, ಈ ಎರಡನೇ ವಾಕ್ಯದಲ್ಲಿ ‘ದ್ಯಾನ್’ ಇಲ್ಲ. ಕನ್ನಡದಲ್ಲಿ ‘ಇದಕ್ಕಿಂತ’ ಅನ್ನಬೇಕು, ಇಲ್ಲವೇ ‘ಇನ್ನೂ’ ಅನ್ನಬೇಕು. ಇಲ್ಲದಿದ್ದರೆ ಹೋಲಿಕೆ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ಅರ್’ ಒಂದೇ ಸಾಕು, ಎದುರಿಗೆ ಹರಡಿದ ಸೀರೆಯೇ ಉಳಿದದ್ದನ್ನು ಹೇಳುತ್ತದೆ. ‘ಡು ಯು ಹ್ಯಾವ್ ಎನಿಥಿಂಗ್ ಚೀಪರ್?’ ಅಂತ ಕೇಳುತ್ತಾರೆ. ನೀವೂ ‘ದಿಸ್ ಒನ್ ಈಸ್ ಸಾಫ್ಟರ್’ ಅಂತ ಸೆರಗನ್ನು ಕೈಗೆ ಕೊಟ್ಟರೆ ಆಯಿತು. ಹೋಲಿಸುವ ವಸ್ತು ಕಣ್ಣೆದುರಿಗೆ ಇರುವಾಗ ‘ದ್ಯಾನ್’ ಜಗ್ಗಾಡಬೇಡಿ.

‘ರೇಟ್ ಈಸ್ ಚೀಪರ್’ ಅನ್ನುವ ಅಭ್ಯಾಸ ಇದ್ದರೆ ಬಿಡಿ. ಸೀರೆ ಚೀಪರ್, ಬೆಲೆ ಲೋವರ್. ‘ದಿಸ್ ಸ್ಯಾರಿ ಈಸ್ ಚೀಪರ್’, ‘ದಿ ಪ್ರೈಸ್ ಈಸ್ ಲೋವರ್’. ಕನ್ನಡದಲ್ಲೂ ಸೀರೆ ಅಗ್ಗ, ಬೆಲೆ ಕಡಿಮೆ ಅಂತೀವಲ್ವಾ, ಹಾಗೆ.

‘ವೆರಿ ಬೆಟರ್’ ಬಗ್ಗೆ ಕೇಳಿದ್ದೀರಿ. ಬೇಡ. ಕನ್ನಡದಲ್ಲಿ ‘ತುಂಬಾ’ ಎಲ್ಲ ಕಡೆಗೂ ಆಗುತ್ತದೆ. ‘ತುಂಬಾ ಅಗ್ಗ’, ‘ಅದಕ್ಕಿಂತ ತುಂಬಾ ಅಗ್ಗ’. ಇಂಗ್ಲಿಷಿನಲ್ಲಿ ಆ ‘ತುಂಬಾ’ ಎರಡಾಗಿ ಒಡೆದಿದೆ. ಬರೀ ಗುಣ ಹೇಳುವಾಗ ‘ವೆರಿ’: ವೆರಿ ಚೀಪ್. ಹೋಲಿಸುವಾಗ ‘ಮಚ್’: ಮಚ್ ಚೀಪರ್, ಮಚ್ ಬೆಟರ್. ‘ಫಾರ್’ ಕೂಡ ಹಾಕಬಹುದು, ಮಾತಿನಲ್ಲಿ ‘ಅ ಲಾಟ್’ ಅಂತಾರೆ. ಸ್ವಲ್ಪ ಮಾತ್ರ ವ್ಯತ್ಯಾಸ ಇದ್ದರೆ ‘ಅ ಬಿಟ್’ ಅಥವಾ ‘ಸ್ಲೈಟ್ಲಿ’. ಲಾಲ್‌ಬಾಗಿನ ಬಂಡೆ ನೋಡಿದ್ದೀರಾ, ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಅದು? ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಹಿಮಾಲಯ ಏಳಲು ಶುರುವಾದದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಅಲ್ಲಿ ‘ಓಲ್ಡರ್’ ಅಂದರೆ ಸಾಲದು. ‘ದಿ ಲಾಲ್‌ಬಾಗ್ ರಾಕ್ ಈಸ್ ಫಾರ್ ಓಲ್ಡರ್ ದ್ಯಾನ್ ದಿ ಹಿಮಾಲಯಾಸ್.’ ಮುಂದಿನ ಭಾನುವಾರ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂಡೆ ಮೇಲೆ ಕೂರಿಸಿ ಈ ವಾಕ್ಯ ಹೇಳಿಸಿ, ಜನ್ಮದಲ್ಲಿ ಮರೆಯುವುದಿಲ್ಲ.

ಎಷ್ಟು ಅನ್ನುವ ಅಳತೆ ಗೊತ್ತಿದ್ದರೆ ಅದು ‘ಅರ್’ ಪದದ ಮುಂದೆ ಬರುತ್ತದೆ. ನಮ್ಮ ಮೆಟ್ರೋದ ನೇರಳೆ ಮಾರ್ಗ 43 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಹಸಿರು ಮಾರ್ಗ 33 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ‘ದಿ ಪರ್ಪಲ್ ಲೈನ್ ಈಸ್ ಅಬೌಟ್ ಟೆನ್ ಕಿಲೋಮೀಟರ್ಸ್ ಲಾಂಗರ್ ದ್ಯಾನ್ ದಿ ಗ್ರೀನ್ ಲೈನ್.’ ‘ಹತ್ತು ಕಿಲೋಮೀಟರ್ ಉದ್ದ’ ಅನ್ನುವುದರ ಜೋಡಣೆ ಕನ್ನಡದ್ದೇ. ಇಲ್ಲಿ ಹೆದರಬೇಕಾದ್ದೇನೂ ಇಲ್ಲ.

ಇದೇ ಲೆಕ್ಕದಲ್ಲಿ ಅಣ್ಣನ ವಿಷಯಕ್ಕೆ ಬರೋಣ. ನೀವು ಬರೆದ ಎರಡೂ ಬೇಡ. ‘ಎಲ್ಡರ್’ ಮನೆಯವರ ಬಗ್ಗೆ ಹೇಳುವಾಗ ಹೆಸರಿನ ಮುಂದೆ ಕೂರುವ ಪದ: ‘ಮೈ ಎಲ್ಡರ್ ಬ್ರದರ್’. ಅದಕ್ಕೆ ‘ದ್ಯಾನ್’ ಜೊತೆ ಆಗಿಬರುವುದಿಲ್ಲ. ವಯಸ್ಸು ಹೋಲಿಸುವಾಗ ‘ಓಲ್ಡರ್’: ‘ಹಿ ಈಸ್ ತ್ರೀ ಇಯರ್ಸ್ ಓಲ್ಡರ್ ದ್ಯಾನ್ ಮಿ.’ ‘ಎಲ್ಡರ್ ಟು ಮಿ’ ಬೆಂಗಳೂರಿನಲ್ಲಿ ದಿನಾ ಕಿವಿಗೆ ಬೀಳುತ್ತದೆ, ದೊಡ್ಡ ಕಂಪನಿಗಳಲ್ಲೂ. ಅದು ‘ಸೀನಿಯರ್ ಟು ಮಿ’ ಅನ್ನುವುದರಿಂದ ಅಂಟಿದ್ದು ಅಂತ ನನಗೆ ಅನಿಸುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಇವು ಲ್ಯಾಟಿನ್‌ನಿಂದ ಬಂದವು. ಲ್ಯಾಟಿನ್‌ನಲ್ಲಿ ಅವು ಆಗಲೇ ಹೋಲಿಕೆಯ ರೂಪಗಳು, ಸೀನಿಯರ್ ಅಂದರೇ ‘ಹೆಚ್ಚು ವಯಸ್ಸಾದವನು’. ಇಂಥವಕ್ಕೆ ‘ಟು’, ‘ದ್ಯಾನ್’ ಅಲ್ಲ. ‘ಮೋರ್’ ಕೂಡ ಹಾಕಬೇಕಾಗಿಲ್ಲ. ‘ಪ್ರಿಫರ್’ಗೂ ‘ಟು’: ‘ಐ ಪ್ರಿಫರ್ ಕಾಟನ್ ಟು ಸಿಲ್ಕ್.’ ಇನ್ನೊಂದು, ‘ಅಣ್ಣ ನನಗಿಂತ ದೊಡ್ಡವನು’ ಅನ್ನುವುದನ್ನು ‘ಬಿಗ್ಗರ್ ದ್ಯಾನ್ ಮಿ’ ಮಾಡಬೇಡಿ. ನಮ್ಮ ‘ದೊಡ್ಡ’ದಲ್ಲಿ ವಯಸ್ಸೂ ಇದೆ, ಗಾತ್ರವೂ ಇದೆ. ‘ಬಿಗ್’ನಲ್ಲಿ ಕೇಳುವವರಿಗೆ ಮೊದಲು ಕಾಣುವುದು ಗಾತ್ರ.

‘ದ್ಯಾನ್ ಮಿ’ ಅನ್ನಬೇಕಾ ‘ದ್ಯಾನ್ ಐ’ ಅನ್ನಬೇಕಾ ಅಂತ ಕೆಲವರು ಜಗಳವಾಡುತ್ತಾರೆ. ಮಾತಿನಲ್ಲಿ ‘ದ್ಯಾನ್ ಮಿ’ ಸಾಕು. ಪರೀಕ್ಷೆಯಲ್ಲಿ ‘ದ್ಯಾನ್ ಐ ಆಮ್’ ಅಂತ ಪೂರ್ತಿ ಬರೆದರೆ ಯಾರೂ ತಕರಾರು ಮಾಡುವುದಿಲ್ಲ.

ಕನ್ನಡ ನಮ್ಮನ್ನು ಇನ್ನೊಂದು ಕಡೆ ಜಾರಿಸುತ್ತದೆ. ನೀವು ಗಿರಾಕಿಗೆ ‘ಈ ಸೀರೆಯ ಅಂಚು ಆ ಸೀರೆಗಿಂತ ಅಗಲ’ ಅನ್ನುತ್ತೀರಿ. ಅಂಚನ್ನು ಅಂಚಿನ ಜೊತೆ ಹೋಲಿಸುತ್ತಿದ್ದೀರಿ ಅಂತ ಎಲ್ಲರಿಗೂ ಗೊತ್ತು, ಕನ್ನಡ ಅಷ್ಟಕ್ಕೆ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಬರೆದರೆ ಅಂಚನ್ನು ಇಡೀ ಸೀರೆಯ ಜೊತೆ ಅಳೆದ ಹಾಗಾಗುತ್ತದೆ. ‘ದಿಸ್ ಬಾರ್ಡರ್ ಈಸ್ ವೈಡರ್ ದ್ಯಾನ್ ದ್ಯಾಟ್ ಒನ್’ ಅಂತ ಅಂಚಿಗೆ ಅಂಚನ್ನೇ ಜೋಡಿಸಿ. ‘ಬೆಂಗಳೂರಿನ ಹವೆ ಚೆನ್ನೈಗಿಂತ ತಂಪು’ ಅನ್ನುವುದೂ ಇದೇ ಜಾತಿ. ‘ಬೆಂಗಳೂರೂಸ್ ವೆದರ್ ಈಸ್ ಕೂಲರ್ ದ್ಯಾನ್ ಚೆನ್ನೈಸ್’, ಆ ಕೊನೆಯ ‘ಸ್’ ಬೇಕು. ಕಷ್ಟ ಅನಿಸಿದರೆ ಹವೆಯನ್ನೇ ಬಿಟ್ಟುಬಿಡಿ: ‘ಬೆಂಗಳೂರು ಈಸ್ ಕೂಲರ್ ದ್ಯಾನ್ ಚೆನ್ನೈ.’ ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಚೆನ್ನೈ ಕಡಲ ಮಗ್ಗುಲಲ್ಲೇ ಇದೆ. ವಾಕ್ಯ ಚಿಕ್ಕದಾದರೂ ಸತ್ಯಕ್ಕೆ ಕಡಿಮೆಯೇನೂ ಆಗಲಿಲ್ಲ.

ಹಾಗೇ ‘ಬೆಂಗಳೂರು ಈಸ್ ಬಿಗ್ಗರ್ ದ್ಯಾನ್ ಎನಿ ಅದರ್ ಸಿಟಿ ಇನ್ ಕರ್ನಾಟಕ’ ಅನ್ನುವಾಗ ‘ಅದರ್’ ಮರೆಯಬೇಡಿ. ಬೆಂಗಳೂರೂ ಕರ್ನಾಟಕದ ಒಂದು ಊರೇ, ತನಗಿಂತ ತಾನು ದೊಡ್ಡದಾಗಲು ಸಾಧ್ಯವಿಲ್ಲ. ಕೇರಳದ ಊರುಗಳ ಜೊತೆ ಹೋಲಿಸುವಾಗ ‘ಅದರ್’ ಬೇಡ.

ಅಂಗಡಿಯಲ್ಲಿ ನಿಮಗೆ ‘ಅರ್’ಗಿಂತ ಹೆಚ್ಚು ಕೈಹಿಡಿಯುವ ಒಂದು ವಾಕ್ಯ ಇದೆ. ಅದು ‘ನಾಟ್ ಆಸ್… ಆಸ್’. ಕನ್ನಡದ ‘ಅಷ್ಟು ಇಲ್ಲ’, ‘ಅದರಷ್ಟು ಇಲ್ಲ’ ಇದೆಯಲ್ಲ, ಅದೇ. ‘ದಿಸ್ ಈಸ್ ನಾಟ್ ಆಸ್ ಹೆವಿ ಆಸ್ ದ್ಯಾಟ್ ಒನ್.’ ಇಲ್ಲಿ ಹೆವಿ ಬದಲಾಗುವುದಿಲ್ಲ. ‘ಅರ್’ ಇಲ್ಲ, ‘ಮೋರ್’ ಇಲ್ಲ, ಎಣಿಸುವ ಚಪ್ಪಾಳೆಯೂ ಇಲ್ಲ. ‘ನಾಟ್ ಆಸ್ ಎಕ್ಸ್‌ಪೆನ್ಸಿವ್ ಆಸ್’ ಕೂಡ ಹೀಗೆಯೇ. ಗಿರಾಕಿ ಕೈಯಲ್ಲಿ ಹಿಡಿದ ಸೀರೆಯನ್ನು ಕೆಟ್ಟದು ಅನ್ನದೆ ಇನ್ನೊಂದನ್ನು ಮುಂದಿಡಲು ಇದಕ್ಕಿಂತ ಮೃದುವಾದ ದಾರಿ ನನಗೆ ಗೊತ್ತಿಲ್ಲ. ಕಲಿಯಲು ಶುರು ಮಾಡುವವರಿಗೆ ನಾನು ಇದನ್ನೇ ಮೊದಲು ಹೇಳಿಕೊಡುತ್ತೇನೆ.

ನಾಳೆಯಿಂದ ಒಂದು ಕೆಲಸ ಮಾಡಿ. ಬೆಳಿಗ್ಗೆ ಗಿರಾಕಿ ಬರುವ ಮುಂಚೆ ಕೌಂಟರ್ ಮೇಲೆ ಎರಡು ಸೀರೆ ಹರಡಿ. ಒಂದು ಇಳಕಲ್, ಒಂದು ಕ್ರೇಪ್ ಇರಲಿ. ಕೈಯಿಂದ ಮುಟ್ಟಿ ಬಾಯಿಬಿಟ್ಟು ಹೇಳಿ: ಸಾಫ್ಟರ್, ಥಿಕ್ಕರ್, ಶೈನಿಯರ್, ಮೋರ್ ಎಕ್ಸ್‌ಪೆನ್ಸಿವ್. ಪುಸ್ತಕದ ಪಟ್ಟಿ ಓದುವುದಕ್ಕಿಂತ ಬೆರಳಿಗೆ ತಾಗಿದ ಪದ ಬೇಗ ನಾಲಿಗೆಗೆ ಬರುತ್ತದೆ. ಹತ್ತು ದಿನ ಮಾಡಿ ನನಗೆ ಬರೆಯಿರಿ.

ಇನ್ನು ‘ದಿ ಸೂನರ್ ದಿ ಬೆಟರ್’. ನಿಮ್ಮ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಇಷ್ಟು ಹೊತ್ತು ಕನ್ನಡ ಹೀಗೆ, ಇಂಗ್ಲಿಷ್ ಹಾಗೆ ಅಂತ ಬೇರೆ ಮಾಡಿ ತೋರಿಸುತ್ತಾ ಬಂದೆ. ಇಲ್ಲಿ ಎರಡೂ ಒಂದೇ. ನಾವು ‘ಎಷ್ಟು ಬೇಗನೋ ಅಷ್ಟು ಒಳ್ಳೆಯದು’ ಅನ್ನುತ್ತೇವೆ. ಆ ಮೊದಲ ‘ದಿ’ ನಮ್ಮ ‘ಎಷ್ಟು’, ಎರಡನೇ ‘ದಿ’ ನಮ್ಮ ‘ಅಷ್ಟು’. ಇದು ‘ದಿ ಬುಕ್’, ‘ದಿ ಶಾಪ್’ ಅನ್ನುವಾಗಿನ ಮಾಮೂಲಿ ‘ದಿ’ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ಹಾಗೇ ವಿಭಕ್ತಿಗಳಿದ್ದವು. ‘ಅದು’ ಅನ್ನುವ ಪದಕ್ಕೆ ತೃತೀಯಾ ವಿಭಕ್ತಿಯ ಒಂದು ರೂಪವಿತ್ತು. ‘ಅಷ್ಟರಿಂದ’, ‘ಅಷ್ಟರಮಟ್ಟಿಗೆ’ ಅಂತ ಅದರ ಅರ್ಥ. ವಿಭಕ್ತಿಗಳು ಸವೆದುಹೋದವು. ಆ ರೂಪ ಮಾತ್ರ ಈ ಥರದ ವಾಕ್ಯಗಳಲ್ಲಿ ‘ದಿ’ ಆಗಿ ಉಳಿಯಿತು. ಹಾಗಾಗಿ ಇದನ್ನು ಕಲಿಯಲು ನೀವು ಇಂಗ್ಲಿಷಿನಲ್ಲಿ ಯೋಚಿಸಬೇಕಾಗಿಲ್ಲ. ಕನ್ನಡದಲ್ಲಿ ಈ ಥರದ ‘ಎಷ್ಟು… ಅಷ್ಟು’ ಬಂದ ಕಡೆಯೆಲ್ಲ ‘ದಿ’ ಇಟ್ಟು ಪಕ್ಕದಲ್ಲಿ ‘ಅರ್’ ಅಥವಾ ‘ಮೋರ್’ ಪದ ಇಡಿ.

ಕುಚ್ಚಿಗೆ ಕೊಟ್ಟ ಆ ಗಿರಾಕಿ ನಾಳೆ ಬಂದು ಇನ್ನೂ ಆಗಿಲ್ವಾ ಅಂತ ಕೇಳಿದರೆ, ಕೆಲಸ ನಾಜೂಕಾದಷ್ಟೂ ಹೊತ್ತು ಹಿಡಿಯುತ್ತದೆ ಅಂತ ನೀವು ಹೇಳಬೇಕಲ್ಲ. ಹೀಗೆ ಹೇಳಿ: ‘ದಿ ಫೈನರ್ ದಿ ವರ್ಕ್, ದಿ ಲಾಂಗರ್ ಇಟ್ ಟೇಕ್ಸ್, ಮೇಡಂ.’